ಮರ್ಸುಕಿಯ ಮಗಳ ಮುಂದಿನ ಎರಡು ಹಲ್ಲು

ಕೆದಿರಿ ಪಟ್ಟಣದ ಹಳೇ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮರ್ಸುಕಿಯ ಅಂಗಡಿ ಯಾವುದೆಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಗಿಲ ಮೇಲೆ ಬಾಗಿಲಷ್ಟೇ ಅಗಲದ ಕೆಂಪು ತುಟಿ, ಅದರ ನಡುವೆ ಸಾಲು ಸಾಲು ಬಿಳಿ ಹಲ್ಲು. ಬೋರ್ಡು ಬರೆದವನು ಲಾರಿಗಳಿಗೆ ಬಣ್ಣ ಹೊಡೆಯುವವನು. ಒಂದು ಬಾಯಲ್ಲಿ ಎಷ್ಟು ಹಲ್ಲಿರುತ್ತವೆಂದು ಲೆಕ್ಕ ಹಾಕುವ ತಾಪತ್ರಯಕ್ಕೆ ಹೋಗದೆ ಜಾಗ ಇರುವಷ್ಟೂ ತುಂಬಿಬಿಟ್ಟಿದ್ದ. "ಪಾಕ್ ಮರ್ಸುಕಿ, ಇದು ಮನುಷ್ಯನ ಬಾಯೋ, ಮೊಸಳೆ ಬಾಯೋ?" ಎಂದು ಎದುರಿನ ಕಾಫಿ ಅಂಗಡಿಯಲ್ಲಿ ಕೂತವರು ರೇಗಿಸುತ್ತಿದ್ದರು. "ಮೊಸಳೆಗೂ ಕಟ್ಟಿಕೊಡ್ತೀನಿ ಕಣಯ್ಯ, ಬಾಯಿ ತಕ್ಕೊಂಡು ಸುಮ್ನೆ ಕೂರೋ ಹಾಗಿದ್ರೆ ಕರ್ಕೊಂಡ್ಬಾ" ಎನ್ನುತ್ತಿದ್ದ ಮರ್ಸುಕಿ. ಅಪ್ಪನಿಗೂ, ಹಿರಿಯ ಗಂಡಸರಿಗೂ ನಮ್ಮಲ್ಲಿ ಪಾಕ್ ಎನ್ನುವುದೇ ರೂಢಿ.

ಅವನಪ್ಪ ಮದುರಾ ದ್ವೀಪದಿಂದ ದೋಣಿ ಹತ್ತಿ ಬಂದವನು. ಮದುರಾದವರು ಊರು ಬಿಟ್ಟರೆಂದರೆ ಕಡ್ಡಿಗೆ ಮಾಂಸ ಚುಚ್ಚಿ ಕೆಂಡದ ಮೇಲೆ ಸಾತೆ ಸುಡುತ್ತಾರೆ, ಇಲ್ಲವೇ ಹಳೇ ಕಬ್ಬಿಣ ಕೊಳ್ಳುತ್ತಾರೆ, ಅದೂ ಇಲ್ಲವೆಂದರೆ ಹಲ್ಲು ಕಟ್ಟುತ್ತಾರೆ. ಮರ್ಸುಕಿಯ ಮನೆತನದ್ದು ಹಲ್ಲು. ಅದನ್ನು ಅವನು ಯಾವ ಶಾಲೆಯಲ್ಲೂ ಕಲಿತವನಲ್ಲ. ಅಪ್ಪನ ಪಕ್ಕ ಕೂತು ಮೇಣ ಕರಗಿಸುತ್ತ, ಅಚ್ಚಿನ ಹಿಟ್ಟು ಕಲಸುತ್ತ, ಪ್ಲಾಸ್ಟಿಕ್ ಒಸಡನ್ನು ಅರದಿಂದ ಉಜ್ಜುತ್ತ ಕಲಿತವನು. ಅಪ್ಪ ಕೊನೆತನಕ ಹೇಳಿದ್ದು ಒಂದೇ ಮಾತು: "ಬಿದ್ದ ಹಲ್ಲಿನ ಜಾಗ ನಮ್ಮದು, ಇರೋ ಹಲ್ಲು ದೇವರದು. ಆ ಕಡೆ ತಲೆ ಹಾಕ್ಬೇಡ." ಸರ್ಕಾರ ಕೊಡುವ ಪರವಾನಗಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ, ಇಷ್ಟು ಚೆನ್ನಾಗಿ ಹೇಳುವುದಿಲ್ಲ ಅಷ್ಟೆ.

ಕಟ್ಟುಹಲ್ಲಿನಲ್ಲಿ ಮರ್ಸುಕಿಯ ಕೈಗುಣ ದೊಡ್ಡದು. ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಗುಮಾಸ್ತರು, ವೀಳ್ಯ ಜಗಿದು ಜಗಿದು ಬಾಯಿ ಬರಿದು ಮಾಡಿಕೊಂಡ ಮುದುಕಿಯರು, ಮಗಳ ಮದುವೆಯ ಫೋಟೋದಲ್ಲಿ ಬಾಯಿ ಬಿಡಲು ನಾಚುವ ಅಪ್ಪಂದಿರು, ಎಲ್ಲರೂ ಅವನ ಹತ್ತಿರವೇ ಬರುತ್ತಿದ್ದರು. ಹೋಗುವಾಗ ಕನ್ನಡಿಯಲ್ಲಿ ನಕ್ಕು ಹೋಗುತ್ತಿದ್ದರು. ಆ ನಗು ನೋಡಿದರೆ ಅವನಿಗೆ ಊಟ ಮಾಡಿದಷ್ಟೇ ತೃಪ್ತಿ. ಆದರೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಅವನು ಜೀವಮಾನವೆಲ್ಲ ಕೈಯಲ್ಲಿ ಹಿಡಿದದ್ದು ಬೇರಿಲ್ಲದ ಹಲ್ಲುಗಳನ್ನು. ಪೆಟ್ಟಿಗೆಯಲ್ಲಿ ಅಳತೆವಾರು, ಬಣ್ಣವಾರು ಜೋಡಿಸಿಟ್ಟ ಹಲ್ಲುಗಳು ಅವು. ಜೀವಂತ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಕಣ್ಣಿಗೆ ಬೀಳದ ಕಡೆ ಇರುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು ಅಂದರೆ ಗೊತ್ತಿತ್ತು, ಅಷ್ಟೇ.

ಅಪ್ಪ ಸತ್ತ ಮೇಲೆ ಊರಿಗೆ ತಂತಿಯ ಹುಚ್ಚು ಹಿಡಿಯಿತು. ಸಿಗರೇಟು ಕಾರ್ಖಾನೆಯ ಹುಡುಗಿಯರು, ಕಾಲೇಜಿನವರು, ಮೊಬೈಲ್ ಅಂಗಡಿಯ ಹುಡುಗರು, ಹಲ್ಲು ನೆಟ್ಟಗಿದ್ದವರೂ ಸಹ ಹಲ್ಲಿಗೆ ತಂತಿ ಹಾಕಿಸಿಕೊಂಡು ಹಸಿರು, ನೀಲಿ, ಗುಲಾಬಿ ರಬ್ಬರು ತೋರಿಸುತ್ತ ತಿರುಗತೊಡಗಿದರು. ತಂತಿ ಇದ್ದರೆ ಅನುಕೂಲಸ್ಥರ ಮನೆಯವರು ಎಂದು ಅರ್ಥ. ಮರ್ಸುಕಿಯ ದಾಯಾದಿಯೊಬ್ಬ ಸುರಬಾಯಾದಲ್ಲಿ ಇದನ್ನೇ ಮಾಡುತ್ತಿದ್ದ. ಅವನ ಅಂಗಡಿಯಲ್ಲಿ ಕೆಲವು ದಿನ ಕೂತು ನೋಡಿ ಬಂದ ಮರ್ಸುಕಿ, ಬೋರ್ಡಿನ ತುಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನೂ ಸೇರಿಸಿದ. ಅಂಟು ಹಚ್ಚುವುದು, ತಂತಿ ಬಗ್ಗಿಸುವುದು, ರಬ್ಬರು ಸಿಕ್ಕಿಸುವುದು. ಏನು ಮಹಾ ವಿದ್ಯೆ ಅನಿಸಿತು ಅವನಿಗೆ. ಯಾರಿಗೂ ಏನೂ ಆಗಲಿಲ್ಲ, ಅಥವಾ ಆದವರು ತಿರುಗಿ ಅವನ ಬಳಿಗೆ ಬರಲಿಲ್ಲ.

ಲುಲುಕ್ ಅವನ ಒಬ್ಬಳೇ ಮಗಳು. ಮದುವೆಯಾಗಿ ಬಹಳ ಕಾಲದ ಮೇಲೆ, ಇನ್ನು ಆಸೆ ಬೇಡ ಎಂದು ಅವನ ಹೆಂಡತಿ, ಹೆಸರು ಎಂದಾರ್, ಸುಮ್ಮನಾದ ಮೇಲೆ ಹುಟ್ಟಿದವಳು. ಮರ್ಸುಕಿ ಅವಳನ್ನು ನೆಲದ ಮೇಲೆ ಬಿಟ್ಟಿದ್ದೇ ಕಡಿಮೆ. ಮಹಾ ನಗೆಗಾತಿ. ಕಾಫಿ ಅಂಗಡಿಯಲ್ಲಿ ಯಾರಾದರೂ ಸೀನಿದರೂ ನಗುತ್ತಿದ್ದಳು, ಬೆಕ್ಕು ಜಾರಿದರೂ ನಗುತ್ತಿದ್ದಳು. ಸಂಜೆ ಪ್ರಾರ್ಥನಾ ಮಂದಿರದಲ್ಲಿ ಮಕ್ಕಳ ಜೊತೆ ಕುರಾನ್ ಓದುವಾಗ ಮಾತ್ರ ಗಂಭೀರ. ಅವಳ ಉಚ್ಚಾರಣೆ ಎಷ್ಟು ಸ್ವಚ್ಛವೆಂದರೆ, ಗುರುಗಳು ಉಳಿದ ಮಕ್ಕಳಿಗೆ ಅವಳ ಬಾಯಿ ನೋಡಿ ಕಲಿಯಿರಿ ಎನ್ನುತ್ತಿದ್ದರು.

ಏಳು ತುಂಬುವ ಹೊತ್ತಿಗೆ ಮೇಲಿನ ಹಾಲುಹಲ್ಲು ಬಿದ್ದು, ಅಗಲವಾದ ಹೊಸ ಹಲ್ಲು ಎರಡು ಬಂದವು. ನಡುವೆ ಒಂದು ಸಂದು. ಅಂಥ ದೊಡ್ಡದೇನಲ್ಲ, ಆದರೆ ಅಷ್ಟು ನಗುವ ಮಗುವಿಗೆ ಸಂದು ಅಡಗಿಸಿಡುವುದು ಎಲ್ಲಿಂದ ಬರಬೇಕು? ಮೊದಲು ಬಾಯಿ ಹಾಕಿದವಳು ಅವನ ಅತ್ತೆ, ಎಂಬಾ ಕಾಸಿಯೆಮ್. ಮಗಳ ಮನೆಯಲ್ಲೇ ಇದ್ದ ಮುದುಕಿ, ಎಲ್ಲರ ಬಾಯಲ್ಲೂ ಎಂಬಾ, ಅಂದರೆ ಅಜ್ಜಿ.

"ಸಂದು ಹಲ್ಲಿನವಳ ಕೈಲಿ ಏನೂ ನಿಲ್ಲಲ್ಲ ನೋಡು. ಅನ್ನನೂ ಅಲ್ಲೇ ಸೋರತ್ತೆ, ಅದೃಷ್ಟನೂ ಅಲ್ಲೇ ಸೋರತ್ತೆ."

"ಸುಮ್ನಿರು ಬು" ಎಂದಳು ಎಂದಾರ್ ತನ್ನಮ್ಮನಿಗೆ, "ಮಗುಗೆ ಕೇಳ್ಸತ್ತೆ."

"ಕೇಳ್ಸಲಿ. ಊರೋರ ಬಾಯೆಲ್ಲ ರಿಪೇರಿ ಮಾಡೋ ಗಂಡ, ಸ್ವಂತ ಮಗಳ ಬಾಯಿ ಬಾಗಿಲು ತೆಗೆದಿಟ್ಟಿದಾನೆ ಅಂತ ಜನ ಆಡ್ಕೊಳಲ್ವಾ?"

ಜನ ಆಡಿಕೊಂಡರೋ ಇಲ್ಲವೋ, ಮರ್ಸುಕಿಗೆ ಆ ಮಾತು ತಾಗಿತು. ಶಾಲೆಯಲ್ಲಿ ಮಕ್ಕಳು ಲುಲುಕ್‌ಳನ್ನು ರೈಲ್ವೆ ಗೇಟು ಎಂದು ಕರೆಯತೊಡಗಿದ್ದರು. ಅವಳೇನೂ ಅತ್ತವಳಲ್ಲ, ತಾನೂ ನಕ್ಕು ರೈಲು ಬಿಟ್ಟ ಹಾಗೆ ಕೂಗಿದ್ದಳಂತೆ. ಆ ವರ್ಷ ಸರ್ಕಾರಿ ಆರೋಗ್ಯ ಕೇಂದ್ರದಿಂದ ಹಲ್ಲಿನ ನರ್ಸಮ್ಮ ಶಾಲೆಗೆ ಬಂದು ಎಲ್ಲ ಮಕ್ಕಳ ಬಾಯಿ ನೋಡಿದಾಗ, ಎಂದಾರ್ ಬೇಕೆಂದೇ ಹೋಗಿ ಕೇಳಿಕೊಂಡು ಬಂದಳು.

"ಏನೂ ಮಾಡ್ಬೇಡಿ ಅಂದ್ರು. ಕೋರೆಹಲ್ಲು ಬರೋವಾಗ ಅವೇ ಇವನ್ನ ಒತ್ತರಿಸ್ಕೊಂಡು ಬರ್ತಾವಂತೆ, ಸಂದು ತಾನಾಗೇ ಮುಚ್ಕೊಳತ್ತಂತೆ. ಮುಚ್ಕೊಳ್ದೇ ಹೋದ್ರೆ ಆಮೇಲೆ ಆಸ್ಪತ್ರೇಲಿ ತೋರ್ಸಿ ಅಂದ್ರು."

"ಕೋರೆಹಲ್ಲು ಯಾವಾಗ ಬರೋದು? ಇನ್ನೂ ಮೂರ್ನಾಲ್ಕು ವರ್ಷ" ಎಂದ ಮರ್ಸುಕಿ. "ಸರ್ಕಾರಿ ಜನಕ್ಕೆ ಗೊತ್ತಿರೋದು ಒಂದೇ ಮಾತು, ಕಾಯಿರಿ. ರೇಷನ್ ಕೇಳಿದ್ರೂ ಕಾಯಿರಿ, ಹಲ್ಲು ಕೇಳಿದ್ರೂ ಕಾಯಿರಿ."

ಎಂದಾರ್ ಹೆಚ್ಚು ಮಾತಾಡಲಿಲ್ಲ. ಹಲ್ಲಿನ ವಿಷಯದಲ್ಲಿ ಹಲ್ಲಿನವನ ಹೆಂಡತಿ ಏನು ಮಾತಾಡಬೇಕು? ಆಗ ನಾಲ್ಕು ಮಾತು ಹೆಚ್ಚು ಆಡಬೇಕಿತ್ತು ಎಂದು ಆಮೇಲೆ ಅವಳು ಸುರಿಸಿದ ಕಣ್ಣೀರು ಸಾಮಾನ್ಯದ್ದಲ್ಲ.

ಏಪ್ರಿಲ್ ಹತ್ತಿರವಾಯಿತು. ಏಪ್ರಿಲ್ ಎಂದರೆ ಕಾರ್ತಿನಿ ದಿನ, ಹೆಣ್ಣುಮಕ್ಕಳಿಗೂ ಓದು ಬೇಕೆಂದ ಹೆಣ್ಣುಮಗಳ ಹುಟ್ಟುಹಬ್ಬ. ಅಂದು ಶಾಲೆಯ ಹೆಣ್ಣುಮಕ್ಕಳೆಲ್ಲ ದೊಡ್ಡ ಹೆಂಗಸರ ಹಾಗೆ ಕೆಬಾಯಾ ರವಿಕೆ ತೊಟ್ಟು, ಬಾತಿಕ್ ಸೀರೆಯಂಥದ್ದನ್ನು ಬಿಗಿದುಕೊಂಡು, ತುರುಬು ಕಟ್ಟಿಸಿಕೊಂಡು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ತಾಯಂದಿರು ಬೆಳಗಿನ ಜಾವದಲ್ಲೇ ಎದ್ದು ಮುಖಕ್ಕೆ ಬಣ್ಣ ಹಚ್ಚಿಸಲು ಸಾಲು ನಿಲ್ಲುತ್ತಾರೆ. ಆ ವರ್ಷ ಎಲ್ಲರಿಗಿಂತ ಮುಂದೆ, ಬಾವುಟದ ಹಿಂದೆಯೇ ನಡೆಯಲು ಟೀಚರು ಲುಲುಕ್‌ಳನ್ನು ಆರಿಸಿದರು. ಮನೆಯಲ್ಲಿ ಹಬ್ಬ. ಎಂಬಾ ತನ್ನ ಮದುವೆಯ ಬ್ರೂಚು ಹುಡುಕಿ ತೆಗೆದಳು. ತೆಗೆದು, ಮೊಮ್ಮಗಳ ಎದೆಗೆ ಚುಚ್ಚಿ, ದೂರ ನಿಂತು ನೋಡಿ, "ಎಲ್ಲಾ ಸರಿ, ಬಾಯಿ ಒಂದು ಮುಚ್ಕೊಂಡಿದ್ರೆ ರಾಜಕುಮಾರಿ" ಎಂದಳು.

ಮರ್ಸುಕಿ ಅಂದು ಮಧ್ಯಾಹ್ನ ಮಗಳನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದ. ಹಾಗೆಂದು ಬಲವಂತದಿಂದಲ್ಲ. ಬಣ್ಣ ಬಣ್ಣದ ರಬ್ಬರಿನ ಡಬ್ಬಿ ಕಂಡರೆ ಅವಳಿಗೆ ಮೊದಲಿಂದಲೂ ಜೀವ.

"ನಂಗೂ ಹಾಕ್ತೀರಾ ಪಾಕ್? ದೊಡ್ಡೋರಿಗೆ ಹಾಕೋ ತರಾನೇ?"

"ತಂತಿಗಿಂತಿ ಬೇಡ ನಿಂಗೆ. ಒಂದೇ ಒಂದು ಉಂಗುರ. ಯಾವ ಬಣ್ಣ ಬೇಕು ಹೇಳು ನಕ್, ನನ್ ಕಂದ."

"ಗುಲಾಬಿ!"

"ನೋವಾಗಲ್ಲ. ನೋಡ್ತಿರು, ಅಕ್ಕಪಕ್ಕದ ಮನೆ ಮಕ್ಳ ತರ ಅವೆರಡೂ ಕೈ ಹಿಡ್ಕೊಂಡ್ಬಿಡ್ತಾವೆ."

ಅವಳ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಎತ್ತಿ, ಮುಂದಿನ ಎರಡು ಹಲ್ಲಿನ ಸುತ್ತ ಸಣ್ಣ ರಬ್ಬರ್ ಉಂಗುರವೊಂದನ್ನು ಅವನು ಏರಿಸಿದ. ತಂತಿಯಿಲ್ಲ, ಅಂಟಿಲ್ಲ, ಅದನ್ನು ಹಿಡಿದಿಡುವುದು ಏನೂ ಇಲ್ಲ. ಕೆಲಸ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು.

ಮೆರವಣಿಗೆಯ ಹೊತ್ತಿಗೆ ಸಂದು ಮಾಯ. ಎರಡು ಹಲ್ಲೂ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಎಂಬಾ ಬಾಯಿ ತುಂಬ ಹೊಗಳಿದಳು, ಕಾಫಿ ಅಂಗಡಿಯವರು ಹೊಗಳಿದರು, ಟೀಚರೂ "ಏನು ಕೈ ಪಾಕ್ ನಿಮ್ಮದು" ಎಂದರು. ಬಾವುಟದ ಹಿಂದೆ ಲುಲುಕ್ ನಗುತ್ತ ನಡೆದದ್ದನ್ನು ಸ್ಟುಡಿಯೋದವನು ಫೋಟೋ ತೆಗೆದ. ಮರ್ಸುಕಿ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ಹೊಡೆದ. ಹೆಮ್ಮೆಗೆ ಹೊಡೆದನೋ ವ್ಯಾಪಾರಕ್ಕೆ ಹೊಡೆದನೋ ಕೇಳಬಾರದು, ಎರಡಕ್ಕೂ ಇರಬಹುದು.

ಕೆಲವು ದಿನಗಳಲ್ಲಿ ಉಂಗುರ ಕಾಣಿಸಲಿಲ್ಲ. ಊಟದ ಜೊತೆ ನುಂಗಿರಬೇಕು ಎಂದುಕೊಂಡ ಮರ್ಸುಕಿ. ರಬ್ಬರು ತಾನೇ, ಹೊಟ್ಟೆಗೆ ಹೋದರೆ ಹೊರಗೆ ಬರುತ್ತದೆ. ಮುಚ್ಚಿದ ಸಂದು ಮತ್ತೆ ಬಿಟ್ಟುಕೊಳ್ಳಬಾರದಲ್ಲ ಎಂದು ಇನ್ನೊಂದು ಏರಿಸಿದ, ಅದೂ ಗುಲಾಬಿಯೇ. ಅದೂ ಕಾಣೆಯಾಯಿತು. ಅದನ್ನೂ ನುಂಗಿದಳು ಎಂದುಕೊಂಡ. ಹಲ್ಲಿನ ಆಕಾರ ಮೇಲೆ, ಒಸಡಿನೊಳಗೆ ಹೋದಂತೆ ಕಿರಿದಾಗುತ್ತದೆ, ಬಿಗಿದ ಉಂಗುರಕ್ಕೆ ಸಡಿಲ ಸಿಕ್ಕುವುದು ಅತ್ತಲೇ ಎನ್ನುವುದು ಅವನ ತಲೆಗೇ ಬರಲಿಲ್ಲ. ಅವನ ಪೆಟ್ಟಿಗೆಯ ಯಾವ ಹಲ್ಲೂ ಅವನಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಹಲ್ಲೆರಡೂ ಉದ್ದ ಕಾಣತೊಡಗಿದವು. "ಹುಡುಗಿ ಬೆಳೀತಿದಾಳೆ, ಹಲ್ಲು ಬೆಳೀದೆ ಇರ್ತಾವಾ" ಎಂದಳು ಎಂಬಾ. ಒಸಡು ಕೆಂಪಾಯಿತು, ಬ್ರಶ್ಶು ತಾಗಿದರೆ ರಕ್ತ. ಮರ್ಸುಕಿ ಉಪ್ಪುನೀರು ಮುಕ್ಕಳಿಸಿಸಿದ, ಲವಂಗದೆಣ್ಣೆ ಹಚ್ಚಿದ. ಎಂದಾರ್ ಆಸ್ಪತ್ರೆಗೆ ಹೋಗೋಣ ಎಂದಳು. ಇನ್ನೆರಡು ದಿನ ನೋಡೋಣ ಎಂದ. ಕಾಯಿರಿ ಎನ್ನುವವರನ್ನು ಬೈದಿದ್ದವನು ತಾನೇ ಕಾಯುತ್ತ ಕೂತ.

ಒಂದು ಬೆಳಿಗ್ಗೆ ಲುಲುಕ್ ಕುಣಿಯುತ್ತ ಅಂಗಡಿಗೆ ಬಂದಳು. "ಪಾಕ್, ಪಾಕ್, ಇವೂ ಅಲ್ಲಾಡ್ತಿವೆ!" ನಾಲಿಗೆಯಿಂದ ಹಲ್ಲೆರಡನ್ನೂ ಹಿಂದೆ ಮುಂದೆ ತಳ್ಳಿ ತೋರಿಸಿದಳು. ಹಾಲುಹಲ್ಲು ಅಲ್ಲಾಡಿದಾಗ ಎಲ್ಲರೂ ಸಂಭ್ರಮಪಟ್ಟಿದ್ದರಲ್ಲ, ಇದಕ್ಕೂ ಹಾಗೆಯೇ ಎಂದು ಅವಳ ಲೆಕ್ಕ. ಮರ್ಸುಕಿಯ ಕೈಯಲ್ಲಿದ್ದ ಅರ ಕೆಳಗೆ ಬಿತ್ತು. ಈ ಹಲ್ಲುಗಳಿಗೆ ಮುಂದಿನ ಸರದಿ ಇಲ್ಲ ಎನ್ನುವಷ್ಟು ಅವನಿಗೂ ಗೊತ್ತಿತ್ತು.

ಜಿಲ್ಲಾ ಆಸ್ಪತ್ರೆಯ ಹಲ್ಲಿನ ಡಾಕ್ಟರು ಪ್ರಮೇಸ್ತಿ ಎನ್ನುವ ಕಿರಿಯ ವಯಸ್ಸಿನ ಹೆಂಗಸು. ಎಕ್ಸ್‌ರೇ ತೆಗೆಸಿ ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮದ್ದು ಕೊಟ್ಟು, ಒಸಡು ಬಿಡಿಸಿ, ಬೇರಿನ ತುದಿಯ ಹತ್ತಿರದಿಂದ ಏನನ್ನೋ ಚಿಮಟದಲ್ಲಿ ಎಳೆದು ಬಿಳಿ ಬಟ್ಟೆಯ ಮೇಲಿಟ್ಟರು. ಮತ್ತೊಮ್ಮೆ ಎಳೆದು ಮತ್ತೊಂದನ್ನಿಟ್ಟರು. ಎರಡು ಉಂಗುರ. ರಕ್ತದಲ್ಲಿ ನೆನೆದಿದ್ದರೂ ಗುಲಾಬಿ ಬಣ್ಣ ಗೊತ್ತಾಗುತ್ತಿತ್ತು.

"ಇದನ್ನ ಯಾರು ಹಾಕಿದ್ದು?" ಎಂದರು ಡಾಕ್ಟರು.

ಎಂದಾರ್ ನೆಲ ನೋಡಿದಳು.

"ನಾನು" ಎಂದ ಮರ್ಸುಕಿ.

"ನೀವೇನು ಕೆಲಸ ಮಾಡ್ತೀರಿ ಪಾಕ್?"

"ಹಲ್ಲಿನ ಕೆಲಸ."

ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಬೈಯಲಿಲ್ಲ. ಉಂಗುರ ಒಳಗೊಳಗೇ ಮೇಲೆ ಏರಿ ಬೇರಿನ ಸುತ್ತಲಿನ ಮೂಳೆಯನ್ನೆಲ್ಲ ತಿಂದುಹಾಕಿದೆ, ಹಲ್ಲು ನಿಂತಿರುವುದು ಬರೀ ಒಸಡಿನ ಮೇಲೆ ಎಂದು ಚಿತ್ರ ಬರೆದು ತೋರಿಸಿದರು. ಅಕ್ಕಪಕ್ಕದ ಹಲ್ಲಿಗೆ ಸಣ್ಣ ತಂತಿಯಿಂದ ಕಟ್ಟಿ ನೋಡೋಣ, ಉಳಿದರೆ ಮಗುವಿನ ಪುಣ್ಯ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಲುಲುಕ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅಪ್ಪನ ಬೆನ್ನಿಗೆ ಒರಗಿ ಮೋಟರ್‌ಸೈಕಲ್ ಮೇಲೆ ಕೂತಿದ್ದಳು. ತೂಕಡಿಸುತ್ತಿದ್ದ ಆ ಮಗುವಿಗೆ ಅಪ್ಪನ ಬೆನ್ನಿಗಿಂತ ಭದ್ರವಾದ ಜಾಗ ಬೇರೆ ಗೊತ್ತಿರಲಿಲ್ಲ.

ಹಲ್ಲು ಉಳಿಯಲಿಲ್ಲ. ಮೃದುವಾಗಿ ಬೇಯಿಸಿದ ಗಂಜಿ, ತೋಫು ಬಿಟ್ಟು ಬೇರೇನೂ ಕೊಡದೆ ಎಂದಾರ್ ಅವಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮರ್ಸುಕಿ ದಿನವೂ ಐದು ಹೊತ್ತಿನ ನಮಾಜಿನ ಮೇಲೆ ಇನ್ನೂ ಎರಡು ಸಲ ಹಣೆ ನೆಲಕ್ಕೆ ಹಚ್ಚಿದ. ಆದರೂ ಒಂದಾದ ಮೇಲೊಂದು ಎರಡೂ ಕಳಚಿ ಬಂದುಬಿಟ್ಟವು, ಎಳೆದದ್ದೂ ಇಲ್ಲ, ನೋವೂ ಇಲ್ಲ. ನಮ್ಮಲ್ಲಿ ಕೆಳಗಿನ ಹಲ್ಲು ಬಿದ್ದರೆ ಮನೆ ಮೇಲಕ್ಕೆ ಎಸೆಯುತ್ತಾರೆ, ಮೇಲಿನದು ಬಿದ್ದರೆ ಮಣ್ಣಿಗೆ ಹಾಕುತ್ತಾರೆ, ಹೊಸದು ಆ ದಿಕ್ಕಿಗೇ ನೆಟ್ಟಗೆ ಬರಲಿ ಎಂದು. ಲುಲುಕ್ ತಾನೇ ಹೋಗಿ ಬಾವಿಕಟ್ಟೆಯ ಪಕ್ಕ ಸಣ್ಣ ಗುಂಡಿ ತೋಡಿ ಎರಡನ್ನೂ ಹೂತಳು. ಎಂಬಾ ಕಾಸಿಯೆಮ್ ಜಗಲಿಯಿಂದ ನೋಡುತ್ತಿದ್ದವಳು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಆಮೇಲೆ ಆ ಮುದುಕಿ ಯಾರ ಮುಖದ ಬಗ್ಗೆಯೂ ಮಾತಾಡಲಿಲ್ಲ, ಮರುವರ್ಷ ತೀರಿಕೊಂಡಳು.

"ಯಾವಾಗ ಬರ್ತಾವೆ ಪಾಕ್?" ಎಂದು ಲುಲುಕ್ ಕೇಳಿದ್ದು ಒಂದೇ ಸಲ.

"ನಾನೇ ಮಾಡ್ಕೊಡ್ತೀನಿ ನಕ್" ಎಂದ ಅವನು.

ಅವಳು ಅವನ ಮುಖವನ್ನೇ ನೋಡಿದಳು. ಅರ್ಥವಾಯಿತು ಅವಳಿಗೆ. ಮತ್ತೆ ಬಾವಿಕಟ್ಟೆಯ ಕಡೆ ಹೋಗಿ ನೋಡಲಿಲ್ಲ.

ದವಡೆ ಬೆಳೆದು ನಿಲ್ಲುವ ತನಕ ಖಾಯಂ ಹಲ್ಲು ಕೂರಿಸಲಾಗುವುದಿಲ್ಲ, ಹದಿನೆಂಟು ದಾಟಬೇಕು, ಅಲ್ಲಿಯವರೆಗೆ ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಪ್ಲೇಟು ಎಂದರು ಡಾಕ್ಟರು ಪ್ರಮೇಸ್ತಿ. "ಅದು ನಿಮಗೇ ಮಾಡಕ್ಕೆ ಬರತ್ತಲ್ಲ" ಎಂದೂ ಸೇರಿಸಿದರು. ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಮಗುವಿನ ಬಾಯಿಯ ಅಳತೆಗೆ ಹಲ್ಲು ಅವನ ಪೆಟ್ಟಿಗೆಯಲ್ಲಿರಲಿಲ್ಲ. ಅಷ್ಟು ಸಣ್ಣವರಿಗೆ ಕಟ್ಟುಹಲ್ಲು ಬೇಕಾದೀತೆಂದು ಯಾವ ಕಂಪನಿಯವನು ತಾನೇ ಎಣಿಸಿರುತ್ತಾನೆ? ದೊಡ್ಡವರ ಹಲ್ಲನ್ನೇ ತೆಗೆದು ಅರ ಹಿಡಿದು ಚಿಕ್ಕದು ಮಾಡುತ್ತ ಕೂತ. ಕಣ್ಣೀರು ತೊಟ್ಟಿಕ್ಕಿ ಪುಡಿಯೆಲ್ಲ ಕೈಗೆ ಮೆತ್ತಿಕೊಳ್ಳುತ್ತಿತ್ತು. ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ಅವನು ಮಾಡಿರಲಿಲ್ಲ.

ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಉಯ್ಯಾಲೆಯಿಂದ ಬಿದ್ದಳು ಎಂದು ಎಂದಾರ್ ಬೀದಿಗೆ ಹೇಳಿದಳು. ಲುಲುಕ್ ಕೂಡ ಹಾಗೇ ಹೇಳುತ್ತ ಬಂದಳು. ಹೇಳು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ನಗು ನಿಂತಿತು. ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಪ್ರಾರ್ಥನಾ ಮಂದಿರದಲ್ಲಿ ಓದುವುದನ್ನೂ ಬಿಟ್ಟಳು. ಪ್ಲೇಟು ಹಾಕಿಕೊಂಡು ಓದಿದರೆ ಸಕಾರದ ಕಡೆಯೆಲ್ಲ ಸಣ್ಣಗೆ ಸೀಟಿ ಹೊಡೆದಂತಾಗುತ್ತಿತ್ತು, ಪಕ್ಕದ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಗುರುಗಳು ಎರಡು ಸಲ ಮನೆಗೆ ಬಂದು ಕರೆದರು. ತಲೆನೋವು ಎಂದಳು.

ಮರ್ಸುಕಿ ತಂತಿಯ ಕೆಲಸ ಬಿಟ್ಟ. ಬೋರ್ಡಿನ ಸಣ್ಣ ಅಕ್ಷರಗಳ ಮೇಲೆ ಬಿಳಿ ಬಣ್ಣ ಬಳಿದ. ಪೊಲೀಸರ ಹೆದರಿಕೆಗೆ ಬಿಟ್ಟ ಎಂದುಕೊಂಡಿತು ಬೀದಿ. ಫೋಟೋ ಮಾತ್ರ ಗೋಡೆಯಿಂದ ತೆಗೆಯಲಿಲ್ಲ. ಮಗಳು ತನ್ನ ಸ್ವಂತ ಹಲ್ಲಿನಲ್ಲಿ ಬಾಯಿ ತುಂಬ ನಗುತ್ತಿದ್ದದ್ದಕ್ಕೆ ಉಳಿದಿದ್ದ ಗುರುತು ಅದೊಂದೇ. ತೆಗೆಯುವುದಕ್ಕೆ ಅವನಿಗೆ ಕೈ ಬರುತ್ತಿರಲಿಲ್ಲ.

ಬೆಳೆಯುವ ದವಡೆಗೆ ಪ್ಲೇಟು ಬಿಗಿಯಾಗುತ್ತದೆ. ವರ್ಷಕ್ಕೊಮ್ಮೆ ಲುಲುಕ್ ಅಂಗಡಿಯ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುತ್ತಿದ್ದಳು, ಅವನು ಅಚ್ಚು ತೆಗೆಯುತ್ತಿದ್ದ. ಬಾಯಲ್ಲಿ ಅಚ್ಚಿನ ತಟ್ಟೆ ಇರುವಾಗ ಮಾತು ಹೇಗೆ ಬರಬೇಕು? ಮರ್ಸುಕಿಗೆ ಆ ಒಂದು ಮಧ್ಯಾಹ್ನ ಬೇಕಾಗಿತ್ತು. ಮಗಳು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿ, ಅಪ್ಪನ ಕೈಗೆ ತನ್ನನ್ನು ಒಪ್ಪಿಸಿ ಕೂತಿರುವಷ್ಟು ಹೊತ್ತು, ತನ್ನ ತಪ್ಪನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಾಳೆ ಎಂದು ಅವನಿಗೆ ಅನಿಸುತ್ತಿತ್ತು. ಅದೊಂದು ಹೋದರೆ ಅವನ ಹತ್ತಿರ ಬೇರೇನೂ ಇರಲಿಲ್ಲ.

ಲುಲುಕ್‌ಗೆ ಹದಿನಾರಾದ ವರ್ಷ, ಅಚ್ಚು ತೆಗೆಯುವ ಕಾಲ ಹತ್ತಿರವಾಗಿದ್ದಾಗ, ತೋಫು ಮಾಡುವವರ ಓಣಿಯ ಬು ತಾರ್ಮಿ ಏಳು ವರ್ಷದ ಮೊಮ್ಮಗಳನ್ನು ಕೈಹಿಡಿದು ಅಂಗಡಿಗೆ ಬಂದಳು.

"ಬಾಯಿ ತೋರ್ಸು ಪಾಕ್‌ಗೆ. ಈ... ಅನ್ನು. ನೋಡಿ ಪಾಕ್, ಮಧ್ಯ ಸೈಕಲ್ಲು ಹೋಗತ್ತೆ ಇವಳ ಹಲ್ಲಲ್ಲಿ. ನಿಮ್ ಮಗಳಿಗೆ ಒಂದು ರಬ್ಬರು ಹಾಕಿ ಸರಿ ಮಾಡಿದ್ರಲ್ಲ, ಕಾರ್ತಿನಿ ದಿನದ ಹೊತ್ತಿಗೆ? ಇಲ್ಲೇ ಐತಲ್ಲ ಫೋಟೋ. ಹಂಗೆ ಮಾಡ್ಕೊಡಿ."

"ಅದೆಲ್ಲ ಬಿಟ್ಟಿದೀನಿ ಬು. ತಾನಾಗೇ ಮುಚ್ಕೊಳತ್ತೆ, ಕಾಯಿರಿ."

"ಏನ್ ಕಾಯೋದು? ಶಾಲೇಲಿ ದಿನಾ ಅಳಿಸ್ತಾರಂತೆ. ನಿಮ್ಮವಳಿಗೆ ಮಾತ್ರ ಮಾಡ್ಬಹುದು, ಬಡವರ ಮಕ್ಳಿಗೆ ಆಗಲ್ವಾ?"

"ಹಂಗಲ್ಲ ಬು..."

"ಮತ್ತೆ ಹೆಂಗೆ? ಮುಟ್ಟಿ ನೋಡೋಕೂ ಆಗಲ್ವಾ?"

ಮಗು ಕಣ್ಣು ತುಂಬಿಕೊಂಡು ನಿಂತಿತ್ತು. ಮರ್ಸುಕಿ ಬಗ್ಗಿದ. ನೋಡುವುದಕ್ಕೆ ಮಾತ್ರ ಎಂದುಕೊಂಡೇ ಬಗ್ಗಿದ್ದು. ಹೆಬ್ಬೆರಳಿನಿಂದ ಮಗುವಿನ ಮೇಲ್ತುಟಿ ಎತ್ತಿದ. ಹೊಸ ಹಲ್ಲು, ಅಂಚು ಇನ್ನೂ ಗರಗಸದ ಹಾಗೆ, ನಡುವೆ ಸಣ್ಣ ಸಂದು. "ಅಂಥದ್ದೇನಿಲ್ಲ ನಕ್, ಚಿಕ್ಕದೇ ಇದೆ" ಎಂದ. ಎಷ್ಟು ಸುಲಭ ಎನ್ನುವ ಯೋಚನೆ ಅವನ ಬೆರಳಿಗೆ ಬಂದು ಹೋಯಿತು. ತಂತಿ ಕಟ್ಟಿ ಜಾರದ ಹಾಗೆ ಹಾಕಿದರೆ, ದಿನಾ ನೋಡುತ್ತಿದ್ದರೆ... ಅಂದು ಅವನು ಏನು ಮಾಡುತ್ತಿದ್ದನೋ ಅವನಿಗೇ ಗೊತ್ತಿಲ್ಲ. ಮಾಡುತ್ತಿರಲಿಲ್ಲ ಎಂದು ನಾನಾದರೂ ಆಣೆ ಮಾಡಲಾರೆ.

ಒಳಗಿನ ಪರದೆ ಸರಿಯಿತು. ಲುಲುಕ್ ಶಾಲೆಯ ಸಮವಸ್ತ್ರದಲ್ಲೇ ಇದ್ದಳು. ಬಂದು ಬು ತಾರ್ಮಿಯ ಎದುರು ನಿಂತು, ಬಾಯೊಳಗೆ ಎರಡು ಬೆರಳು ಹಾಕಿ ಪ್ಲೇಟು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ ಬಾಯಿ ತೆರೆದು ತೋರಿಸಿದಳು. ಮುಂದೆ ಬರಿಯ ಒಸಡು, ಅದರ ನಡುವೆ ಮೂಳೆ ಕರಗಿ ಹೋದ ತಗ್ಗು. ಅಷ್ಟು ಚೆಂದದ ಮುಖದಲ್ಲಿ ಮುದುಕಿಯ ಬಾಯಿ.

"ಯಾ ಅಲ್ಲಾ! ಉಯ್ಯಾಲೆಯಿಂದ ಬಿದ್ದೆ ಅಂದಿದ್ರಲ್ಲ ನಿಮ್ಮಮ್ಮ!"

"ಬೀಳ್ಲಿಲ್ಲ ಬು. ರಬ್ಬರ್ ಹಾಕಿದ್ರು. ಪಾಕ್ ಹಾಕಿದ್ರು." ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿದರೂ ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದಳು. "ಇವಳ್ನ ಆರೋಗ್ಯ ಕೇಂದ್ರದ ನರ್ಸಮ್ಮನ ಹತ್ರ ಕರ್ಕೊಂಡ್ಹೋಗಿ. ಅವ್ರು ಕಾಯಿರಿ ಅಂದ್ರೆ ಕಾಯಿರಿ."

ಮಗು ಅಜ್ಜಿಯ ಹಿಂದೆ ಅವಿತುಕೊಂಡಿತು. ಬು ತಾರ್ಮಿ ಒಮ್ಮೆ ಅಪ್ಪನನ್ನು, ಒಮ್ಮೆ ಮಗಳನ್ನು ನೋಡಿ, ಹೇಳಿಹೋಗುವುದನ್ನೂ ಮರೆತು ಹೊರಟುಹೋದಳು. ಸಂಜೆಯೊಳಗೆ ಮಾರುಕಟ್ಟೆಗೆಲ್ಲ ಗೊತ್ತಾಗುತ್ತದೆ. ಮರ್ಸುಕಿಗೆ ಅದರ ಚಿಂತೆ ಆಗಲಿಲ್ಲ. ಅವನು ಮಗಳ ಅಂಗೈಯನ್ನೇ ನೋಡುತ್ತಿದ್ದ. ಏನಾದರೂ ಮಾತಾಡಬೇಕಿತ್ತು, ಅವನಿಗೆ ಬರುತ್ತಿದ್ದ ಮಾತು ಒಂದೇ.

"ಎಡಗಡೆ ಬಿಗಿಯಾಗಿರ್ಬೇಕಲ್ಲ ನಕ್ ಅದು? ವರ್ಷ ಆಯ್ತು. ಬಾ, ಕೂತ್ಕೋ, ಹಿಟ್ಟು ಕಲಸ್ತೀನಿ."

ಲುಲುಕ್ ಪ್ಲೇಟನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒತ್ತಿ ಸರಿಮಾಡಿಕೊಂಡಳು.

"ಬೇಡ ಪಾಕ್. ಇನ್ಮೇಲೆ ಆಸ್ಪತ್ರೇಲಿ ಮಾಡಿಸ್ಕೊಳ್ತೀನಿ."

"ಯಾಕೆ ನಕ್? ನಾನು ಮಾಡಿದ್ದು ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ." ಗೋಡೆಯ ಫೋಟೋ ಕಡೆ ಒಮ್ಮೆ ನೋಡಿದಳು. "ಆ ಮಗೂದು ತುಟಿ ಎತ್ತಿದಾಗ ಪರದೆ ಹಿಂದಿಂದ ನಿಮ್ ಮುಖ ನೋಡ್ದೆ. ಅವತ್ತು ನನ್ನ ಕೂರ್ಸಿದಾಗ ಇದ್ದ ಮುಖಾನೇ ಅದು. ನೀವು ನನ್ ಬಾಯಿ ಮುಟ್ಟೋದು ಬೇಡ, ಪಾಕ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದ. "ಹೂಂ" ಎಂದ. ಅವಳು ಒಳಗೆ ಹೋದಳು. ಮರ್ಸುಕಿ ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತ, ಎಂದಾರ್ ಬಂದು ಊಟಕ್ಕೆ ಕರೆಯುವ ತನಕ ಏಳಲಿಲ್ಲ.